ಮೊದಲ ಕಥಾಸಂಕಲನ ಬಂದು ಒಂದು ವರ್ಷ: ಓದುಗರನ್ನು ಎಲ್ಲಿ ಹುಡುಕಲಿ?

ಹೇಮಾವತಿ ದಂಡೆ

ಎಲ್ಲರಿಗೂ ನಮಸ್ಕಾರ. ಹಾಸನ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಹದಿನೈದು ವರ್ಷದಿಂದ ಕಥೆ ಬರೆಯುತ್ತಿದ್ದೇನೆ. ಕಳೆದ ವರ್ಷ ಮೊದಲ ಸಂಕಲನ ತಂದೆ. ಹನ್ನೊಂದು ಕಥೆ, ಎಂಟೂವರೆ ಫಾರಂ, ಅಂದರೆ 136 ಪುಟ. ಬೆಲೆ 160 ರೂಪಾಯಿ. ಪ್ರಕಾಶಕರಿಗಾಗಿ ಎರಡು ವರ್ಷ ಕಾದು ಕೊನೆಗೆ ನಾನೇ ಹಾಕಿದೆ. 500 ಪ್ರತಿ.

ಬಿಡುಗಡೆ ದಿನ 70 ಹೋದವು. ನೆಂಟರು, ಸಹೋದ್ಯೋಗಿಗಳು, ಹಳೇ ವಿದ್ಯಾರ್ಥಿಗಳು ಅಂತ ಇನ್ನೊಂದು 90. ಅಲ್ಲಿಗೆ ನಿಂತಿತು. ಉಳಿದ 340 ಮಂಚದ ಕೆಳಗಿವೆ. ಮಳೆಗಾಲದಲ್ಲಿ ನೆಲ ಬೆವರುತ್ತೆ ಅಂತ ಅಡಿಗೆ ಹಲಗೆ ಹಾಕಿದ್ದೇನೆ. ತಿಂಗಳಿಗೊಮ್ಮೆ ಹೊರಗೆ ತೆಗೆದು ಗಾಳಿಗೆ ಇಡುತ್ತೇನೆ.

ದುಡ್ಡಿನ ಚಿಂತೆ ಅಷ್ಟಿಲ್ಲ. ಕೊಂಡವರಲ್ಲಿ ಎಷ್ಟು ಜನ ಓದಿದರು ಅನ್ನೋದೇ ಗೊತ್ತಾಗುತ್ತಿಲ್ಲ. "ಪುಸ್ತಕ ಚೆನ್ನಾಗಿದೆ ಮೇಡಂ" ಅನ್ನುತ್ತಾರೆ. ಯಾವ ಕಥೆ ಹಿಡಿಸಿತು ಅಂತ ಕೇಳಿದರೆ ಮಾತು ಬೇರೆ ಕಡೆ ಹೋಗುತ್ತೆ. ಏಳನೇ ಕಥೆ ಬರೆಯಲು ನನಗೆ ಎರಡು ವರ್ಷ ಹಿಡಿದಿತ್ತು. ಅದರ ಬಗ್ಗೆ ಇವತ್ತಿನವರೆಗೆ ಒಬ್ಬರೂ ಒಂದು ಮಾತು ಆಡಿಲ್ಲ. ಫೇಸ್‌ಬುಕ್ಕಿನಲ್ಲಿ ಮುಖಪುಟ ಹಾಕಿದಾಗ ಇನ್ನೂರು ಜನ ಅಭಿನಂದನೆ ಹೇಳಿದರು. ತರಿಸಿಕೊಂಡವರು ಇಬ್ಬರು.

ಇಲ್ಲಿ ಬರೆಯುವವರು, ಮಾರುವವರು, ಓದುವವರು ಎಲ್ಲ ಇದ್ದೀರಿ. ನಿಜವಾಗಿ ಓದುವವರ ಕೈಗೆ ಪುಸ್ತಕ ಹೇಗೆ ಮುಟ್ಟಿಸಿದಿರಿ? ನಿಮ್ಮ ಅನುಭವ ಹೇಳಿ.

ಅಂಗಡಿ ಕಟ್ಟೆ, ಧಾರವಾಡ

ಮೇಡಂ, ನಾನು ಬರೆಯುವವನಲ್ಲ. ಪುಸ್ತಕದಂಗಡಿ ಕೌಂಟರಿನಲ್ಲಿ 22 ವರ್ಷ ನಿಂತವನು. ಗಿರಾಕಿ ಪುಸ್ತಕ ಹೇಗೆ ಎತ್ತಿಕೊಳ್ಳುತ್ತಾರೆ ಅಂತ ದಿನಾ ನೋಡಿದ್ದೇನೆ. ಮೊದಲು ಮುಖಪುಟ. ಆಮೇಲೆ ತಿರುಗಿಸಿ ಬೆಲೆ. ಆಮೇಲೆ ನಡುವೆ ಎಲ್ಲೋ ಒಂದು ಕಡೆ ತೆಗೆದು, ನಿಂತಲ್ಲೇ ಅರ್ಧ ಪುಟ ಓದುತ್ತಾರೆ. ಆ ಅರ್ಧ ಪುಟದಲ್ಲಿ ಎಲ್ಲ ತೀರ್ಮಾನ ಆಗುತ್ತೆ. ಬೆನ್ನುಡಿ ಓದುವವರು ಕಡಿಮೆ. ಓದಿದರೂ ದೊಡ್ಡವರೊಬ್ಬರು "ಭರವಸೆಯ ಕಥೆಗಾರ್ತಿ" ಅಂತ ಬರೆದದ್ದರಿಂದ ಒಳಗೆ ಏನಿದೆ ಅಂತ ಗಿರಾಕಿಗೆ ಗೊತ್ತಾಗುವುದಿಲ್ಲ. ಹಿಂಬದಿಯ ರಕ್ಷಾಪುಟದಲ್ಲಿ ನಿಮ್ಮ ಒಳ್ಳೆಯ ಕಥೆಯ ಎಂಟು ಸಾಲು ಹಾಕಿದ್ದರೆ ಆ ಅರ್ಧ ಪುಟದ ಕೆಲಸ ಅಲ್ಲೇ ಆಗುತ್ತಿತ್ತು.

ಇನ್ನೊಂದು. ಹೊಸಬರ ಪುಸ್ತಕ ಮೇಜಿನ ಮೇಲೆ ಹದಿನೈದು ದಿನ ಇದ್ದರೆ ಹೆಚ್ಚು. ಆಮೇಲೆ ಕಪಾಟಿಗೆ ಹೋಗುತ್ತೆ, ಬೆನ್ನು ಮಾತ್ರ ಕಾಣುತ್ತೆ. ಬೆನ್ನಿನ ಮೇಲಿನ ಅಕ್ಷರ ಮೂರಡಿ ದೂರದಿಂದ ಓದುವ ಹಾಗೆ ಇದೆಯಾ? ಮನೆಯಲ್ಲೇ ಕಪಾಟಿನಲ್ಲಿ ನಿಲ್ಲಿಸಿ ನೋಡಿ. ಕಂದು ಬಣ್ಣದ ಮೇಲೆ ಕಪ್ಪು ಅಕ್ಷರ ಹಾಕಿದ ಎಷ್ಟೋ ಒಳ್ಳೆಯ ಪುಸ್ತಕ ನನ್ನ ಕಣ್ಣೆದುರೇ ಕಪಾಟಿನಲ್ಲಿ ಮುಚ್ಚಿಹೋಗಿವೆ.

ಅಂಗಡಿಗೆ ಕೊಡುವಾಗ ಲೆಕ್ಕ ಹಾಕಿಕೊಳ್ಳಿ. ಶೇಕಡಾ 40 ಕಮಿಷನ್ ಅಂದರೆ 160ರಲ್ಲಿ ನಿಮಗೆ 96 ಬರುತ್ತೆ. ಅದು ಅಂಗಡಿಯವರ ಬಾಡಿಗೆ, ಸಂಬಳದ ದುಡ್ಡು, ಅದನ್ನು ತಪ್ಪು ಅನ್ನಲಾರೆ. ಆದರೆ ನೂರು ಪ್ರತಿ ಒಂದೇ ಅಂಗಡಿಗೆ ಇಳಿಸಬೇಡಿ. ಐದು ಕೊಡಿ, ಹೋದ ಮೇಲೆ ಮತ್ತೆ ಐದು.

ನಮ್ಮೂರಿನ ಮನೋಹರ ಗ್ರಂಥಮಾಲೆಯನ್ನು ಜಿ.ಬಿ. ಜೋಶಿಯವರು 1933ರಲ್ಲಿ ಶುರು ಮಾಡಿದಾಗ ನೆಚ್ಚಿಕೊಂಡದ್ದು ಚಂದಾದಾರರನ್ನು. ಮೊದಲೇ ಚಂದಾ ಕೊಟ್ಟವರ ಮನೆಗೆ ಪುಸ್ತಕ ಹೋಗುತ್ತಿತ್ತು. ಅಂದರೆ ಓದುವವರು ಯಾರು, ಯಾವ ಊರಿನವರು ಅಂತ ಪ್ರಕಾಶಕರಿಗೆ ಹೆಸರು ಹಿಡಿದು ಗೊತ್ತಿತ್ತು. ನಿಮ್ಮ 160 ಜನರ ಹೆಸರು, ಫೋನ್ ನಂಬರ್ ಬರೆದಿಟ್ಟುಕೊಂಡಿದ್ದೀರಾ?

ಹೇಮಾವತಿ ದಂಡೆ

ಇಲ್ಲ ಸರ್. ಬರೆದಿಟ್ಟುಕೊಳ್ಳಬೇಕು ಅಂತ ಹೊಳೆಯಲೇ ಇಲ್ಲ. ಈಗ ಯುಪಿಐ ಲೆಕ್ಕ ತೆಗೆದು ಕೂತಿದ್ದೇನೆ. ಅರ್ಧ ಜನರಾದರೂ ಸಿಗಬಹುದು. ಬೆನ್ನಿನ ಅಕ್ಷರವನ್ನೂ ಈಗಲೇ ಎದ್ದು ಹೋಗಿ ನೋಡಿದೆ. ಕಾಣುತ್ತೆ, ಸಮಾಧಾನ ಆಯಿತು.

ರಾತ್ರಿ ಒಂಬತ್ತು

ನಾನು ಪ್ರತಿಲಿಪಿ ಆ್ಯಪಿನಲ್ಲಿ ಧಾರಾವಾಹಿ ಬರೆಯುವವಳು. ಅಚ್ಚಾದ ಪುಸ್ತಕ ಒಂದೂ ಇಲ್ಲ. ಆದರೆ ನನ್ನ ಓದುಗರು ಯಾರು ಅಂತ ನನಗೆ ಚೆನ್ನಾಗಿ ಗೊತ್ತು. ಹೆಚ್ಚಿನವರು ಹೆಂಗಸರು. ಊಟ ಆಗಿ, ಪಾತ್ರೆ ತೊಳೆದು, ಮಕ್ಕಳು ಮಲಗಿದ ಮೇಲೆ ಓದುತ್ತಾರೆ. ಅದಕ್ಕೇ ಒಂಬತ್ತಕ್ಕೆ ಕಂತು ಹಾಕುತ್ತೇನೆ. ವಾರಕ್ಕೆ ಮೂರು ದಿನ, ತಪ್ಪಿಸುವುದಿಲ್ಲ. ಒಮ್ಮೆ ಜ್ವರ ಬಂದು ಒಂದು ಕಂತು ತಡವಾದಾಗ "ಹುಷಾರಾಗಿದ್ದೀರಾ ಅಕ್ಕ" ಅಂತ ಹದಿನೆಂಟು ಜನ ಕೇಳಿದ್ದರು.

ಅಕ್ಕ, ನಿಮಗೆ ಒಂದು ಮಾತು ಹೇಳಲಾ? ಮುಖಪುಟದ ಫೋಟೋ ನೋಡಿ ಯಾರೂ ಕಥೆ ಕೊಳ್ಳುವುದಿಲ್ಲ. ಕಥೆಯ ರುಚಿ ನೋಡಿದರೆ ಕೊಳ್ಳುತ್ತಾರೆ. ಒಂದು ಕಥೆ ಪೂರ್ತಿ ಬಿಟ್ಟುಕೊಡಿ. ಅದರ ಕೊನೆಗೆ ಪುಸ್ತಕ ಎಲ್ಲಿ ಸಿಗುತ್ತೆ ಅಂತ ಎರಡು ಸಾಲು. ಕಾಮೆಂಟ್ ಬಂದರೆ ಪ್ರತಿಯೊಂದಕ್ಕೂ ಉತ್ತರ ಕೊಡಿ, ಬರೀ ಕೈ ಮುಗಿದ ಚಿತ್ರ ಹಾಕಬೇಡಿ. "ಯಾವ ಊರು ನಿಮ್ಮದು?" ಅಂತ ಕೇಳಿ. ಅಲ್ಲಿಂದ ಮಾತು ಬೆಳೆಯುತ್ತೆ.

ಶರಾವತಿ ಕಣಿವೆ

ಕ್ಷಮಿಸಿ, ನನಗೆ ಇದು ಒಪ್ಪಿಗೆಯಾಗುತ್ತಿಲ್ಲ. ಕಂತು ಕಂತಾಗಿ ಬರೆದರೆ ಪ್ರತಿ ಕಂತಿನ ಕೊನೆಗೂ ಏನಾದರೂ ತಿರುವು ಬೇಕಾಗುತ್ತೆ. ಸಣ್ಣಕಥೆ ನಿಲ್ಲುವುದು ತಿರುವಿನ ಮೇಲಲ್ಲ. ಓದುಗರನ್ನು ಹಿಡಿದಿಡಲು ಹೋಗಿ ಬರವಣಿಗೆ ಸಡಿಲವಾದರೆ ಆ ಓದುಗರು ಸಿಕ್ಕಿ ಏನು ಪ್ರಯೋಜನ? ನಾನು ಮೂರು ಸಂಕಲನ ತಂದಿದ್ದೇನೆ. ಓದುಗರು ಕಡಿಮೆ, ಆದರೆ ಬಂದವರು ಉಳಿದಿದ್ದಾರೆ.

ರಾತ್ರಿ ಒಂಬತ್ತು

ಸರ್, ನಿಮ್ಮ ಮಾತಿಗೆ ಬೆಲೆ ಕೊಡುತ್ತೇನೆ. ಆದರೆ ಕಂತು ಅನ್ನೋದು ಆ್ಯಪ್ ಬಂದ ಮೇಲೆ ಹುಟ್ಟಿದ್ದಲ್ಲ. ನಮ್ಮ ಅಮ್ಮ ಗುರುವಾರ ಬಂತು ಅಂದರೆ ವಾರಪತ್ರಿಕೆಗೆ ಕಾಯುತ್ತಿದ್ದರು. ಧಾರಾವಾಹಿಯ ಪುಟಗಳನ್ನು ಕತ್ತರಿಸಿ ದಾರದಲ್ಲಿ ಹೊಲಿದು ಇಟ್ಟಿದ್ದಾರೆ, ಈಗಲೂ ಟ್ರಂಕಿನಲ್ಲಿವೆ. 1965ರಲ್ಲಿ 'ಸುಧಾ' ಬಂತು, 1983ರಲ್ಲಿ 'ತರಂಗ'. ಕನ್ನಡದ ಎಷ್ಟೋ ಕಾದಂಬರಿಗಳು ಮೊದಲು ಮನೆಮನೆಗೆ ಹೋದದ್ದು ಹಾಗೆ ವಾರ ವಾರ ತುಂಡಾಗಿಯೇ ಅಲ್ವಾ? ಬಾಡಿಗೆಗೆ ಪುಸ್ತಕ ಕೊಡುವ ಸರ್ಕ್ಯುಲೇಟಿಂಗ್ ಲೈಬ್ರರಿಗಳಲ್ಲಿ ತ್ರಿವೇಣಿಯವರ ಕಾದಂಬರಿಗೆ ಸರದಿ ಹಚ್ಚುತ್ತಿದ್ದರು ಅಂತ ಅಮ್ಮ ಹೇಳುತ್ತಾರೆ. ತ್ರಿವೇಣಿ 1963ರಲ್ಲೇ ತೀರಿಕೊಂಡರು. 1967ರಲ್ಲಿ ಪುಟ್ಟಣ್ಣ ಕಣಗಾಲ್ ಅವರ 'ಬೆಳ್ಳಿಮೋಡ' ಸಿನಿಮಾ ನೋಡಿ ಬಂದ ಮೇಲೆ ಅಮ್ಮ ಹುಡುಕಿ ಓದಿದ್ದು ಅದರ ಮೂಲವಾದ ತ್ರಿವೇಣಿಯವರ ಕಾದಂಬರಿ. ಓದುಗರು ಯಾವ ಬಾಗಿಲಿಂದ ಬಂದರು ಅನ್ನೋದಕ್ಕಿಂತ ಒಳಗೆ ಬಂದ ಮೇಲೆ ಏನು ಸಿಕ್ಕಿತು ಅಂತ ನೋಡೋಣ ಸರ್.

ಶರಾವತಿ ಕಣಿವೆ

ಹೊಲಿದಿಟ್ಟ ಪುಟಗಳ ವಿಷಯ ಓದಿ ನಮ್ಮ ಅತ್ತಿಗೆ ನೆನಪಾದರು. ಅವರ ಬಳಿಯೂ ಹಾಗೇ ಇತ್ತು. ನಿಮ್ಮ ಮಾತು ಒಪ್ಪುತ್ತೇನೆ. ಆದರೆ ಸಣ್ಣಕಥೆಯನ್ನು ಮಾತ್ರ ತುಂಡು ಮಾಡಬೇಡಿ, ಒಂದೇ ಸಲಕ್ಕೆ ಕೊಡಿ. ಅಷ್ಟೇ ನನ್ನ ಕೋರಿಕೆ.

ಗಂಟು ಹೊತ್ತವನು, ಹಾವೇರಿ

ನಾನು ಎರಡು ಕಾದಂಬರಿ ಬರೆದು ನಾನೇ ಮಾರಿದವನು. ಈ ಹೆಸರು ಇಟ್ಟುಕೊಂಡದ್ದು ಗಳಗನಾಥರ ಮೇಲಿನ ಪ್ರೀತಿಗೆ. 1869ರಲ್ಲಿ ನಮ್ಮ ಸೀಮೆಯಲ್ಲಿ ಹುಟ್ಟಿದವರು. ಐತಿಹಾಸಿಕ ಕಾದಂಬರಿ ಬರೆದರು, 'ಸದ್ಬೋಧ ಚಂದ್ರಿಕೆ' ಪತ್ರಿಕೆ ನಡೆಸಿದರು. ತಮ್ಮ ಪುಸ್ತಕಗಳ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಇವತ್ತಿನ ಹಾಗೆ ಬಸ್ಸಿರಲಿಲ್ಲ. ಅಕ್ಷರ ಬಲ್ಲವರೇ ಬೆರಳೆಣಿಕೆಯಷ್ಟು ಇದ್ದ ಕಾಲ. ಬರೆದವರೇ ಬಾಗಿಲಿಗೆ ಬಂದು "ನಾನು ಬರೆದದ್ದು, ಓದಿ" ಅಂದರೆ ಇಲ್ಲ ಅನ್ನುವುದು ಕಷ್ಟ. ನಾನೂ ಹಾಗೇ ಮಾಡಿದೆ. ಮಾರಲು ನಾಚಿಕೆಪಡಬೇಡಿ ಮೇಡಂ. ನಿಮ್ಮ ಕಥೆ ಒಳ್ಳೆಯದು ಅಂತ ನಿಮಗೆ ನಂಬಿಕೆ ಇದ್ದರೆ ಅದನ್ನು ಒಯ್ದು ಕೊಡುವುದು ಬರೆದ ಕೆಲಸದ್ದೇ ಮುಂದುವರಿಕೆ.

ನಾನು ಕಲಿತದ್ದನ್ನು ಹೇಳುತ್ತೇನೆ. ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ಸಂಖ್ಯೆ, ನಮ್ಮ ದೇಶದಲ್ಲಿ ಪುಕ್ಕಟೆ. ಆನ್‌ಲೈನಿನಲ್ಲಿ ಅರ್ಜಿ ಹಾಕಿದರೆ ಸಾಕು. ಅದಕ್ಕೆ ದುಡ್ಡು ಕೇಳಿದರೆ ಕೊಡಬೇಡಿ. ನನ್ನ ಮೊದಲ ಪುಸ್ತಕಕ್ಕೆ ಒಬ್ಬರು ಎರಡು ಸಾವಿರ ತಗೊಂಡಿದ್ದರು. ಕನ್ನಡ ಪುಸ್ತಕ ಪ್ರಾಧಿಕಾರದಲ್ಲಿ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಇದೆ, ನೀವು ಆಗಲೇ ಅಚ್ಚು ಹಾಕಿಸಿದ್ದೀರಿ, ಆದರೆ ಇದನ್ನು ಓದುವ ಬೇರೆಯವರಿಗೆ ಗೊತ್ತಿರಲಿ. ಛಂದ ಪುಸ್ತಕ ಪ್ರಕಾಶನದವರು ಹೊಸ ಕಥೆಗಾರರ ಹಸ್ತಪ್ರತಿಗೆ ಬಹುಮಾನ ಕೊಟ್ಟು ಅವರೇ ಪ್ರಕಟಿಸುತ್ತಾ ಬಂದಿದ್ದಾರೆ. ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆ ಇದೆ. ಒಂದು ಬಹುಮಾನ ಬಂದ ಕಥೆ ಒಂದು ವರ್ಷದ ಪ್ರಚಾರಕ್ಕೆ ಸಮ. ಯಾಕೆಂದರೆ ಆ ವಿಶೇಷಾಂಕವನ್ನು ಜನ ಎತ್ತಿಟ್ಟು ಓದುತ್ತಾರೆ.

ಅಂಚೆ ಬಗ್ಗೆ. 2025ರ ಮೇ 1ರಿಂದ 'ಜ್ಞಾನ ಪೋಸ್ಟ್' ಅಂತ ಬಂದಿದೆ. 300 ಗ್ರಾಂವರೆಗೆ 20 ರೂಪಾಯಿಂದ ಶುರು, ತೆರಿಗೆ ಬೇರೆ. ಪಠ್ಯಪುಸ್ತಕಗಳ ಜೊತೆಗೆ ಸಾಮಾಜಿಕ, ಸಾಂಸ್ಕೃತಿಕ, ಧಾರ್ಮಿಕ ಪುಸ್ತಕಗಳಿಗೂ ಇದೆ. ಪುಸ್ತಕದಲ್ಲಿ ಪ್ರಕಾಶಕರ ಅಥವಾ ಮುದ್ರಕರ ಹೆಸರು ಇರಬೇಕು. ಒಂದು ಪ್ರತಿ ಹಿಡಿದುಕೊಂಡು ಹೋಗಿ ನಿಮ್ಮ ಪೋಸ್ಟ್ ಮಾಸ್ಟರಿಗೆ ತೋರಿಸಿ ಕೇಳಿ. ಕೊರಿಯರಿಗೆ ಕೊಡುವುದಕ್ಕಿಂತ ಎಷ್ಟೋ ಕಡಿಮೆ.

ಸಮ್ಮೇಳನದ ಮಳಿಗೆ? 2023ರ ಜನವರಿಯಲ್ಲಿ 86ನೇ ಸಾಹಿತ್ಯ ಸಮ್ಮೇಳನ ನಮ್ಮೂರಲ್ಲೇ ಆಯಿತು. ಗೆಳೆಯರೊಬ್ಬರ ಮಳಿಗೆಯ ಮೂಲೆಯಲ್ಲಿ ಮೂರು ದಿನ ನಿಂತೆ. 64 ಪ್ರತಿ ಹೋದವು. ಜನ ಸಾಗರ, ಆದರೆ ಬರುವವರಿಗೆ ಹೆಸರು ಕೇಳಿದ ಪುಸ್ತಕ ಬೇಕು, ಅರ್ಧ ಬೆಲೆಗೆ ಬೇಕು. ಎರಡನೇ ದಿನದಿಂದ ಬರೀ ಪುಸ್ತಕ ತೋರಿಸುವುದು ಬಿಟ್ಟೆ. "ಇದು ಕಬ್ಬಿನ ಗ್ಯಾಂಗಿನ ಜೊತೆ ಹೋದ ಒಬ್ಬ ಹುಡುಗಿಯ ಕಥೆ" ಅಂತ ಒಂದೇ ಸಾಲು ಹೇಳತೊಡಗಿದೆ. ಆಗ ನಿಂತರು. ಮೇಡಂ, ನಿಮ್ಮ ಏಳನೇ ಕಥೆ ಯಾರ ಬಗ್ಗೆ? ಒಂದು ಸಾಲಿನಲ್ಲಿ ಹೇಳಿ ನೋಡೋಣ.

ಹೇಮಾವತಿ ದಂಡೆ

ರಿಟೈರ್ ಆದ ಒಬ್ಬ ಲೈನ್‌ಮನ್ ಬಗ್ಗೆ. ಒಂದು ಸಾಲಿನಲ್ಲಿ ಹೇಳಲು ಬರುತ್ತಿಲ್ಲ, ಶುರು ಹೀಗಿದೆ:

"ಮಳೆ ಹಿಡಿದ ರಾತ್ರಿ ಕರೆಂಟು ಹೋದ ಕೂಡಲೇ ಅಪ್ಪ ಎದ್ದು ಕೂರುತ್ತಿದ್ದರು. ರಿಟೈರಾಗಿ ನಾಲ್ಕು ವರ್ಷವಾಗಿತ್ತು. ಆದರೂ ಕತ್ತಲಲ್ಲಿ ಅವರ ಕೈ ಗೋಡೆಯ ಮೊಳೆ ಹುಡುಕುತ್ತಿತ್ತು. ಅಲ್ಲಿ ಈಗ ರೇನ್‌ಕೋಟು ಇರಲಿಲ್ಲ. ಅಮ್ಮ ಅದನ್ನು ಕೊಟ್ಟಿಗೆಯ ಸೌದೆಗೆ ಹೊದಿಸಿದ್ದಳು."

ಬಯಲು ಗಾಳಿ, ಚಳ್ಳಕೆರೆ

ಮೇಡಂ, ನನಗೆ ಒಂದು ಪ್ರತಿ ಕಳಿಸಿ. ಇಲ್ಲ, ಎರಡು. ನನ್ನ ಮಾವ 34 ವರ್ಷ ಲೈನ್‌ಮನ್ ಆಗಿದ್ದವರು. ಈಗಲೂ ಗಾಳಿ ಬೀಸಿದರೆ ಹೊರಗೆ ಬಂದು ತಂತಿ ನೋಡುತ್ತಾರೆ. ಕಥೆ ಪುಸ್ತಕ ಓದುವವರಲ್ಲ, ಪೇಪರ್ ಓದುತ್ತಾರೆ. ಆದರೆ ಇದನ್ನು ಓದುತ್ತಾರೆ ಅನಿಸುತ್ತೆ.

ಇನ್ನೊಂದು ಮಾತು. ನೀವು ಇಷ್ಟು ದಿನ ಸಾಹಿತ್ಯದ ಗುಂಪುಗಳಲ್ಲೇ ಪುಸ್ತಕದ ಬಗ್ಗೆ ಹಾಕಿದ್ದೀರಿ ಅನಿಸುತ್ತೆ. ಅಲ್ಲಿ ಇರುವವರಲ್ಲಿ ಅರ್ಧ ಜನ ಬರೆಯುವವರು, ಅವರ ಪುಸ್ತಕವನ್ನು ನೀವು ಕೊಳ್ಳಲಿ ಅಂತ ಕಾಯುತ್ತಿರುತ್ತಾರೆ. ಲೈನ್‌ಮನ್ ಕಥೆ ಓದಬೇಕಾದವರು ಕೆಇಬಿ ಆಫೀಸಿನಲ್ಲಿ ಇದ್ದಾರಲ್ವಾ?

ಪುಸ್ತಕದ ಮನೆ, ಗ್ರಂಥಾಲಯ

ಬಯಲು ಗಾಳಿಯವರ ಮಾತಿಗೆ ನನ್ನದೂ ಸೇರಿಸುತ್ತೇನೆ. ನಾನು ತಾಲೂಕು ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ನಮ್ಮಲ್ಲಿ ಕಥೆ ಕಾದಂಬರಿ ಒಯ್ಯುವವರು ಯಾರು ಗೊತ್ತಾ? ರಿಟೈರಾದ ಪೋಸ್ಟ್‌ಮನ್, ಇಬ್ಬರು ನರ್ಸ್‌ಗಳು, ಹೊಲಿಗೆ ಅಂಗಡಿ ಇಟ್ಟಿರುವ ಒಬ್ಬ ತಾಯಿ, ಪೆಟ್ರೋಲ್ ಬಂಕಿನ ಹುಡುಗ. ಅವನು ರಾತ್ರಿ ಪಾಳಿಯಲ್ಲಿ ಓದುತ್ತಾನೆ. ಇವರ ಹೆಸರು ಯಾವ ಸಾಹಿತ್ಯ ಕಾರ್ಯಕ್ರಮದ ಪಟ್ಟಿಯಲ್ಲೂ ಇರುವುದಿಲ್ಲ. ಆದರೆ ಒಬ್ಬರು ಓದಿ ಚೆನ್ನಾಗಿದೆ ಅಂದರೆ ಆ ಪುಸ್ತಕ ಆರು ತಿಂಗಳು ಕಪಾಟಿಗೆ ವಾಪಸ್ ಬರುವುದಿಲ್ಲ, ಕೈಯಿಂದ ಕೈಗೆ ಹೋಗುತ್ತಿರುತ್ತೆ.

ನಿಮ್ಮ ಊರಿನ ಗ್ರಂಥಾಲಯಕ್ಕೆ ಎರಡು ಪ್ರತಿ ಕೊಡಿ. ಅರಿವು ಕೇಂದ್ರಗಳಿಗೆ, ಅಂದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಿಗೆ ಒಂದೊಂದು. ಕೊಟ್ಟು ಬಂದುಬಿಡಬೇಡಿ. ಮೇಲ್ವಿಚಾರಕರ ಜೊತೆ ಹತ್ತು ನಿಮಿಷ ಕೂತು ಒಂದು ಕಥೆ ಹೇಳಿ. ಅವರಿಗೆ ಹಿಡಿಸಿದರೆ ಅವರೇ ಓದುಗರ ಕೈಗೆ ಇಡುತ್ತಾರೆ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೂ ಅರ್ಜಿ ಹಾಕಿ, ಆದರೆ ಆಯ್ಕೆ ಆದಾಗ ನೋಡಿದರಾಯಿತು. ಅದೊಂದನ್ನೇ ನಂಬಿ 500 ಅಚ್ಚು ಹಾಕಿಸಬಾರದು.

ಮತ್ತೆ ಪುಸ್ತಕದಲ್ಲಿ ನಿಮ್ಮ ಫೋನ್ ನಂಬರ್ ಇದೆಯಾ? ಕನ್ನಡ ಪುಸ್ತಕಗಳಲ್ಲಿ ಲೇಖಕರ ನಂಬರ್ ಹಾಕುವುದು ತುಂಬಾ ಒಳ್ಳೆಯ ರೂಢಿ. ನಮ್ಮ ಹೊಲಿಗೆ ಅಂಗಡಿ ತಾಯಿ ಓದಿ ಮುಗಿಸಿದ ಕೂಡಲೇ ಫೋನ್ ಮಾಡುತ್ತಾರೆ. ರಾತ್ರಿ ಹತ್ತಾದರೂ ಸರಿ.

ದೂರದ ಬಿಸಿಲು, ಬಹ್ರೇನ್

ನನ್ನದು ಚಿಕ್ಕ ಮಾತು. ಇಲ್ಲಿಗೆ ಪುಸ್ತಕ ತರಿಸಿದರೆ ಪುಸ್ತಕದ ಬೆಲೆಗಿಂತ ಅಂಚೆ ಜಾಸ್ತಿ. ಊರಿಗೆ ಹೋದಾಗ ಸೂಟ್‌ಕೇಸಿನಲ್ಲಿ ತರುವುದು, ಅದಕ್ಕೂ ತೂಕದ ಲೆಕ್ಕ. ಮೈಲ್ಯಾಂಗ್ ಆ್ಯಪ್ ಬಂದ ಮೇಲೆ ಕನ್ನಡ ಇ-ಪುಸ್ತಕ, ಆಡಿಯೋ ಪುಸ್ತಕ ಸಿಗುತ್ತಿವೆ. ನಾನು ಕೆಲಸಕ್ಕೆ ಹೋಗುವ ದಾರಿಯಲ್ಲಿ ದಿನಾ ನಲವತ್ತು ನಿಮಿಷ ಕೇಳುತ್ತೇನೆ. ಹೊರಗಿರುವವರನ್ನು ಮರೆಯಬೇಡಿ. ಪಿಡಿಎಫ್ ಮಾತ್ರ ಯಾರಿಗೂ ಪೂರ್ತಿ ಕಳಿಸಬೇಡಿ. ಒಮ್ಮೆ ವಾಟ್ಸಾಪ್ ಗುಂಪಿಗೆ ಬಿದ್ದರೆ ಅದನ್ನು ವಾಪಸ್ ತರಲು ಆಗುವುದಿಲ್ಲ. ನನ್ನ ಗೆಳೆಯನ ಕಾದಂಬರಿ ಹಾಗೇ ಹೋಯಿತು. "ಓದಿದೆ, ತುಂಬಾ ಚೆನ್ನಾಗಿದೆ" ಅಂತ ಅವನಿಗೇ ಪಿಡಿಎಫ್ ಕಳಿಸಿದವರಿದ್ದಾರೆ. ಅವತ್ತು ಅವನು ಎಷ್ಟು ನೊಂದುಕೊಂಡ ಅಂತ ನಾನು ನೋಡಿದ್ದೇನೆ.

ಪುಟ ತಿರುವಿ

ಓದುವವಳಾಗಿ ಬರೆಯುತ್ತಿದ್ದೇನೆ. ಓದಿದ ಪುಸ್ತಕಗಳ ಬಗ್ಗೆ ಇನ್‌ಸ್ಟಾಗ್ರಾಂನಲ್ಲಿ ಬರೆಯುತ್ತೇನೆ, ಹಾಗಾಗಿ ತಿಂಗಳಿಗೆ ಏಳೆಂಟು ಪುಸ್ತಕ ಮನೆಗೆ ಬರುತ್ತವೆ. ಹೆಚ್ಚಿನವುಗಳ ಜೊತೆ "ದಯವಿಟ್ಟು ವಿಮರ್ಶೆ ಬರೆಯಿರಿ" ಅಂತ ಚೀಟಿ. ಮೂರನೇ ದಿನಕ್ಕೆ "ಓದಿದಿರಾ?" ಅಂತ ಮೆಸೇಜು. ಓದು ಆಗ ಪರೀಕ್ಷೆಯಂತೆ ಆಗಿಬಿಡುತ್ತೆ. ಒಬ್ಬರು ಮಾತ್ರ ಹೀಗೆ ಬರೆದಿದ್ದರು: "ನೀವು ಹಳೇ ಬೆಂಗಳೂರಿನ ಬಗ್ಗೆ ಬರೆದದ್ದು ಓದಿದೆ. ಈ ಪುಸ್ತಕದ 43ನೇ ಪುಟದಲ್ಲಿ ಕಲಾಸಿಪಾಳ್ಯದ ಒಂದು ಲಾಡ್ಜ್ ಬರುತ್ತೆ. ಅದಷ್ಟನ್ನೇ ಓದಿದರೂ ಸಾಕು." ಆ ಪುಟ ತೆಗೆದೆ. ಬೆಳಗಿನ ಜಾವ ಎರಡಕ್ಕೆ ಪುಸ್ತಕ ಮುಗಿಸಿದೆ. ಹತ್ತು ಜನಕ್ಕೆ ಕಳಿಸಿ, ಆದರೆ ಆ ಹತ್ತು ಜನ ಏನು ಓದುತ್ತಾರೆ ಅಂತ ನೋಡಿ ಕಳಿಸಿ.

ಒಳ್ಳೆಯ ವಿಮರ್ಶೆ ಮಾತ್ರ ಹಂಚಿಕೊಳ್ಳುವುದನ್ನೂ ಬಿಡಿ ಅಂತ ಕೇಳಿಕೊಳ್ಳುತ್ತೇನೆ. ಒಂದು ಕಥೆ ಸೋತಿದೆ ಅಂತ ಬರೆದದ್ದನ್ನೂ ಲೇಖಕಿ ಹಂಚಿಕೊಂಡರೆ, ಉಳಿದ ಹೊಗಳಿಕೆಯ ಮೇಲೆ ಓದುಗರಿಗೆ ನಂಬಿಕೆ ಬರುತ್ತೆ.

ಬಾನು ಮುಷ್ತಾಕ್ ಅವರಿಗೆ 2025ರ ಮೇ 20ರಂದು ಇಂಟರ್‌ನ್ಯಾಷನಲ್ ಬೂಕರ್ ಬಂದ ರಾತ್ರಿ ನಾನು ಅತ್ತಿದ್ದೆ. ನಿಮ್ಮ ಹಾಸನದವರೇ. 1990ರಿಂದ 2023ರವರೆಗೆ ಬರೆದ ಕಥೆಗಳಲ್ಲಿ ಹನ್ನೆರಡನ್ನು ಆರಿಸಿ ದೀಪಾ ಭಾಸ್ತಿ ಇಂಗ್ಲಿಷಿಗೆ ತಂದರು. ಆ ಬಹುಮಾನ ಕಥಾಸಂಕಲನಕ್ಕೆ ಬಂದದ್ದು ಅದೇ ಮೊದಲು. ಅದಾದ ಮೇಲೆ ನನ್ನ ಆಫೀಸಿನಲ್ಲಿ ಕನ್ನಡ ಪುಸ್ತಕ ಮುಟ್ಟದ ಇಬ್ಬರು ಬಂದು "ಮೂಲದಲ್ಲಿ ಓದಬೇಕು, ಎಲ್ಲಿ ಸಿಗುತ್ತೆ?" ಅಂತ ಕೇಳಿದರು. ಮೂವತ್ತು ವರ್ಷದ ಕಥೆಗಳಿಗೆ ಇಷ್ಟು ತಡವಾಗಿ ಹೊಸ ಓದುಗರು ಬಂದರು. ನಿಮ್ಮ ಪುಸ್ತಕಕ್ಕೆ ಇನ್ನೂ ಒಂದೇ ವರ್ಷ ಮೇಡಂ.

ಗಂಟು ಹೊತ್ತವನು, ಹಾವೇರಿ

ಒಂದು ಎಚ್ಚರಿಕೆ ಹೇಳಲು ಮರೆತೆ. ಕಿರಾಣಿ ಚೀಟಿಯ ಹಿಂದೆ ಬರೆದುಕೊಂಡು ಪುಸ್ತಕ ಕೊಡಬೇಡಿ. ಒಬ್ಬ ಅಂಗಡಿಯವರಿಗೆ ನಂಬಿಕೆಯ ಮೇಲೆ 60 ಪ್ರತಿ ಕೊಟ್ಟು ಬಂದಿದ್ದೆ. ಮೂರು ವರ್ಷವಾಯಿತು, ದುಡ್ಡೂ ಇಲ್ಲ, ಪುಸ್ತಕವೂ ಇಲ್ಲ. ಡೆಲಿವರಿ ಚಲನ್‌ಗೆ ಸಹಿ ಹಾಕಿಸಿಕೊಳ್ಳಿ, ಎಷ್ಟು ದಿನಕ್ಕೆ ಲೆಕ್ಕ ಅಂತ ಅದರಲ್ಲೇ ಬರೆಸಿ.

ಹೇಮಾವತಿ ದಂಡೆ (ಐದು ತಿಂಗಳ ನಂತರ)

ತಡವಾಗಿ ಬರೆಯುತ್ತಿದ್ದೇನೆ, ಪರೀಕ್ಷೆ ಪೇಪರುಗಳಿದ್ದವು. ನಿಮ್ಮ ಮಾತುಗಳಲ್ಲಿ ನನ್ನಿಂದ ಆಗುವಷ್ಟು ಮಾಡಿದೆ. ಕೊಂಡವರಲ್ಲಿ 104 ಜನರ ಹೆಸರು ಸಿಕ್ಕಿತು. ಒಬ್ಬೊಬ್ಬರಿಗೂ ಫೋನ್ ಮಾಡಿದೆ. "ಓದಿದಿರಾ" ಅಂತ ಕೇಳಲಿಲ್ಲ. ಪುಟ ತಿರುವಿಯವರು ಹೇಳಿದ ಹಾಗೆ "88ನೇ ಪುಟ ತೆಗೆದು ನೋಡಿ" ಅಂದೆ. ಮೂವತ್ತು ಜನ ವಾಪಸ್ ಫೋನ್ ಮಾಡಿದರು.

ಏಳನೇ ಕಥೆಯನ್ನು ನಾಲ್ಕು ಪುಟದ ಕರಪತ್ರದ ಹಾಗೆ ಜೆರಾಕ್ಸ್ ಮಾಡಿಸಿ, ಸಣ್ಣ ಅಕ್ಷರದಲ್ಲಿ, ಹತ್ತಿರದ ಕೆಇಬಿ ಆಫೀಸಿಗೆ ಒಯ್ದೆ. ಈಗ ಚೆಸ್ಕಾಂ, ಆದರೆ ಅವರೂ ಕೆಇಬಿ ಅಂತಲೇ ಅನ್ನುತ್ತಾರೆ. ಬಿಲ್ ಕಟ್ಟುವ ಕಿಟಕಿ ಹತ್ತಿರ ಒಬ್ಬರು ನಿಂತಲ್ಲೇ ಓದಿದರು. ಓದಿ, ಮಡಚಿ, ಜೇಬಿಗೆ ಹಾಕಿಕೊಂಡರು. ಏನೂ ಹೇಳಲಿಲ್ಲ. ನಾನು ವಾಪಸ್ ಬಂದೆ.

ಹೋದ ತಿಂಗಳು ಎರಡನೇ ಭಾನುವಾರ ನಮ್ಮ ತಾಲೂಕು ಗ್ರಂಥಾಲಯದಲ್ಲಿ ಆ ಕಥೆ ಗಟ್ಟಿಯಾಗಿ ಓದಿದೆ. ಇಪ್ಪತ್ತೈದು ನಿಮಿಷ. ಹದಿನಾಲ್ಕು ಜನ ಬಂದಿದ್ದರು, ಅದರಲ್ಲಿ ಮೂವರು ಲೈನ್‌ಮನ್‌ಗಳು. ಮುಗಿದ ಮೇಲೆ ವಯಸ್ಸಾದ ಒಬ್ಬರು ಎದ್ದು ನಿಂತರು. "ತಾಯಿ, ಕಥೆ ಚೆನ್ನಾಗಿದೆ. ಆದರೆ ಒಂದು ತಪ್ಪಿದೆ. ಎಲ್‌ಸಿ ತಗೊಳ್ಳದೆ ಯಾವ ಲೈನ್‌ಮನ್ನೂ ಕಂಬ ಹತ್ತೋದಿಲ್ಲ. ನಿಮ್ಮ ಅಪ್ಪ ಸೀದಾ ಹತ್ತಿಬಿಡ್ತಾರೆ" ಅಂದರು. ಎಲ್‌ಸಿ ಅಂದರೆ ಲೈನ್ ಕ್ಲಿಯರ್. ಸ್ಟೇಷನ್ನಿಗೆ ಕೇಳಿ, ಲೈನ್ ಆಫ್ ಮಾಡಿಸಿ, ನಂಬರ್ ಮತ್ತು ಟೈಮ್ ಬರೆದುಕೊಂಡು, ಅರ್ತ್ ಮಾಡಿ, ಆಮೇಲೆ ಹತ್ತುವುದು. ವಿಜ್ಞಾನ ಪಾಠ ಮಾಡುವ ನನಗೆ ಅದು ಗೊತ್ತಿರಲಿಲ್ಲ. ಅವರ ಜೊತೆಯವರೊಬ್ಬರು 1998ರ ಮಳೆಗಾಲದಲ್ಲಿ ಅವಸರಕ್ಕೆ ಹಾಗೇ ಹತ್ತಿದ್ದರಂತೆ. ಅಷ್ಟು ಹೇಳಿ ಕೂತುಬಿಟ್ಟರು. ಹೋಗುವಾಗ ಎರಡು ಪ್ರತಿ ಕೊಂಡರು. ಒಂದು ಆ ಸ್ನೇಹಿತರ ಮನೆಯವರಿಗೆ.

ಆ ಪುಟ ತಿದ್ದುತ್ತಿದ್ದೇನೆ. ಮಂಚದ ಕೆಳಗೆ ಇನ್ನು 211 ಪ್ರತಿ ಇವೆ. ಬಯಲು ಗಾಳಿಯವರೇ, ನಿಮ್ಮ ಮಾವನವರನ್ನು ಒಂದು ಮಾತು ಕೇಳಿ ಹೇಳುತ್ತೀರಾ: ಎಲ್‌ಸಿ ನಂಬರ್ ಬರೆದುಕೊಳ್ಳುವ ಪುಸ್ತಕವನ್ನು ಅವರು ಎಲ್ಲಿ ಇಟ್ಟುಕೊಳ್ಳುತ್ತಿದ್ದರು, ಶರ್ಟಿನ ಜೇಬಿನಲ್ಲೋ, ಸೈಕಲ್ ಚೀಲದಲ್ಲೋ?